ರಾಜಕೀಯ ವಿಚಾರದ ಇತಿಹಾಸ ಬರೆಯುವುದು ಹೇಗೆ? ಮಿಲ್ಲರ್ ಸಮಿತಿಯನ್ನು ಮುಂದಿಟ್ಟುಕೊಂಡು ಒಂದು ಮಾರ್ಗದರ್ಶಿ

ಮೈಸೂರಿನಲ್ಲಿ ಮೀಸಲಾತಿ ಶುರುವಾದದ್ದು ಯಾವಾಗ ಅಂತ ಕೇಳಿ ನೋಡಿ. ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಯಾರಾದರೂ ತಟ್ಟನೆ ಹೇಳುತ್ತಾರೆ: 1918ರಲ್ಲಿ ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲು ಹೆಚ್ಚಿಸುವ ದಾರಿ ಹುಡುಕಲು ಮಿಲ್ಲರ್ ಸಮಿತಿ, 1919ರಲ್ಲಿ ವರದಿ, 1921ರಲ್ಲಿ ಆದೇಶ, ಅರಸರು ನಾಲ್ವಡಿ ಕೃಷ್ಣರಾಜ ಒಡೆಯರು. ಎಲ್ಲ ಸರಿ. ಅಂಕವೂ ಸಿಗುತ್ತದೆ. ಆದರೆ ಇಷ್ಟರಲ್ಲಿ ವಿಚಾರ ಎಲ್ಲೂ ಬರಲಿಲ್ಲ, ಅಲ್ವಾ? ಸರ್ಕಾರಿ ಕೆಲಸವನ್ನು ಜಾತಿ ನೋಡಿ ಹಂಚುವುದು ನ್ಯಾಯ ಅಂತ ಕೆಲವರಿಗೆ ಯಾಕೆ ಅನಿಸಿತು? ಬೇರೆಯವರಿಗೆ ಅದೇ ಅನ್ಯಾಯವಾಗಿ ಯಾಕೆ ಕಂಡಿತು? ಎರಡೂ ಕಡೆಯವರು ಏನೇನು ಕಾರಣ ಕೊಟ್ಟರು? ಆ ಕಾರಣಗಳು ಅವರಿಗೆ ಎಲ್ಲಿಂದ ಸಿಕ್ಕವು? ಇದನ್ನು ಹುಡುಕಿ ಬರೆಯುವುದೇ ರಾಜಕೀಯ ವಿಚಾರಗಳ ಇತಿಹಾಸ.

ಇದಕ್ಕೆ ಇತಿಹಾಸದಲ್ಲಿ ಎಂಎ ಆಗಿರಲೇಬೇಕು ಅಂತೇನಿಲ್ಲ. ತಾಳ್ಮೆ ಬೇಕು, ಇಂಗ್ಲಿಷ್ ಕಡತ ಓದುವಷ್ಟು ಅಭ್ಯಾಸ ಬೇಕು. ಈ ಬರಹದ ಉದ್ದಕ್ಕೂ ಮಿಲ್ಲರ್ ಸಮಿತಿಯ ಉದಾಹರಣೆಯನ್ನೇ ಹಿಡಿದುಕೊಳ್ಳುತ್ತೇನೆ. ನೀವು ಬೇರೆ ವಿಷಯ ಆರಿಸಿಕೊಂಡರೂ ಕೆಲಸದ ದಾರಿ ಹೆಚ್ಚುಕಡಿಮೆ ಇದೇ.

1. ಪ್ರಶ್ನೆ ಚಿಕ್ಕದಾಗಲಿ

'ಮೀಸಲಾತಿಯ ಇತಿಹಾಸ', 'ಕರ್ನಾಟಕದಲ್ಲಿ ಪ್ರಜಾಪ್ರಭುತ್ವದ ಕಲ್ಪನೆ' ಇವೆಲ್ಲ ಪ್ರಶ್ನೆಗಳೇ ಅಲ್ಲ, ಕಪಾಟಿನ ಮೇಲೆ ಅಂಟಿಸುವ ಚೀಟಿಗಳು. ಇವನ್ನು ಹಿಡಿದು ಹೊರಟರೆ ವರ್ಷಗಟ್ಟಲೆ ಓದಬಹುದು, ಒಂದು ಪುಟ ಬರೆಯಲು ಆಗುವುದಿಲ್ಲ. ಒಂದು ಊರು ಅಥವಾ ಸಂಸ್ಥಾನ, ಐದಾರು ವರ್ಷದ ಅವಧಿ, ಒಂದು ವಾದ, ಇಷ್ಟಕ್ಕೆ ಇಳಿಸಿ. ನಮ್ಮ ಉದಾಹರಣೆಯಲ್ಲಿ ಹೀಗೆ ಕೇಳಬಹುದು: "1916ರಿಂದ 1921ರ ನಡುವೆ ಮೈಸೂರಿನಲ್ಲಿ ಸರ್ಕಾರಿ ಕೆಲಸಕ್ಕೆ ಯಾರು ಅರ್ಹರು ಎಂಬ ಚರ್ಚೆಯಲ್ಲಿ ದಕ್ಷತೆ ಅಂದರೆ ಏನು ಅಂತ ಯಾರ್ಯಾರು ಹೇಳಿದರು?"

ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ನೋಡುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಉತ್ತರ ನಿಮ್ಮ ಊಹೆಗೆ ವಿರುದ್ಧವಾಗಿ ಬರುವ ಸಾಧ್ಯತೆ ಇರಬೇಕು. 'ನಾಲ್ವಡಿಯವರು ಎಷ್ಟು ದೂರದೃಷ್ಟಿಯುಳ್ಳವರು' ಅನ್ನುವುದಕ್ಕೆ ಉತ್ತರ ಮೊದಲೇ ಸಿದ್ಧವಿದೆ. ಅದಕ್ಕೆ ಸಂಶೋಧನೆ ಬೇಡ, ಹಾರ ಸಾಕು.

2. ಇಸವಿಗಳ ಪಟ್ಟಿ, ಪಕ್ಕದ ಊರುಗಳನ್ನೂ ಸೇರಿಸಿ

ಇದು ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಮೈಸೂರು, ಬಲಗಡೆ ಸುತ್ತಲಿನ ಸೀಮೆ.

ಎಡಗಡೆ ಏನೇನು ಬರುತ್ತದೆ ನೋಡಿ. 1881ರಲ್ಲಿ ಆಡಳಿತ ಬ್ರಿಟಿಷರಿಂದ ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 1891ರಿಂದ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ. 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಕೇಂದ್ರ ಸಂಘ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. 1917ರಲ್ಲಿ ಬ್ರಾಹ್ಮಣೇತರ ಮುಖಂಡರೆಲ್ಲ ಸೇರಿ ಕಟ್ಟಿದ ಪ್ರಜಾಮಿತ್ರ ಮಂಡಳಿ. 1918ರಲ್ಲಿ ಅರಸರಿಗೆ ಅವರ ಮನವಿ, ಆಗಸ್ಟ್‌ನಲ್ಲಿ ಮಿಲ್ಲರ್ ಸಮಿತಿ, ಡಿಸೆಂಬರ್ ಹೊತ್ತಿಗೆ ದಿವಾನ್ ವಿಶ್ವೇಶ್ವರಯ್ಯನವರ ನಿರ್ಗಮನ.

ಬಲಗಡೆ: 1902ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಖಾಲಿಯಾಗುವ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಇಟ್ಟರು. 1916ರ ಡಿಸೆಂಬರ್‌ನಲ್ಲಿ ಮದ್ರಾಸಿನಲ್ಲಿ ಬ್ರಾಹ್ಮಣೇತರರ ಪ್ರಣಾಳಿಕೆ ಹೊರಬಂತು, ಅದನ್ನು ಹೊರಡಿಸಿದ ಗುಂಪೇ ಮುಂದೆ ಜಸ್ಟಿಸ್ ಪಕ್ಷವಾಯಿತು. 1918ರಲ್ಲಿ ಬ್ರಿಟಿಷ್ ಇಂಡಿಯಾದ ಆಡಳಿತ ಸುಧಾರಣೆಯ ಮಾಂಟೆಗು–ಚೆಲ್ಮ್ಸ್‌ಫರ್ಡ್ ವರದಿ.

ಪಟ್ಟಿ ಮುಗಿದ ಮೇಲೆ ಸುಮ್ನೆ ಅದನ್ನು ನೋಡುತ್ತಾ ಕೂರಿ. ಸಮುದಾಯಗಳ ಸಂಘಗಳು ಸಮಿತಿಗಿಂತ ಒಂಬತ್ತರಿಂದ ಹದಿಮೂರು ವರ್ಷ ಹಿಂದಿನವು. ಅಂದರೆ ಬೇಡಿಕೆಯನ್ನು ಸಮಿತಿ ಹುಟ್ಟಿಸಲಿಲ್ಲ, ಆಗಲೇ ಇದ್ದ ಬೇಡಿಕೆಗೆ ಉತ್ತರ ಕೊಡಲು ಕೂತಿತು. ಇದೊಂದು ಗೊತ್ತಾದರೆ ನಿಮ್ಮ ಓದಿನ ದಿಕ್ಕೇ ಬದಲಾಗುತ್ತದೆ.

3. ಜಗಳ ಯಾರ ನಡುವೆ, ಯಾತಕ್ಕೆ?

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಯಾವುದೇ ರಾಜಕೀಯ ಬರಹ ಯಾರಿಗೋ ಕೊಟ್ಟ ಉತ್ತರ. ಆ 'ಯಾರೋ' ಗೊತ್ತಾಗದೆ ಬರಹ ಅರ್ಥವಾಗುವುದಿಲ್ಲ. ಇಂಗ್ಲೆಂಡಿನ ಇತಿಹಾಸಕಾರ ಕ್ವೆಂಟಿನ್ ಸ್ಕಿನ್ನರ್ 1969ರಲ್ಲಿ ಒಂದು ಲೇಖನ ಬರೆದು ಇದನ್ನು ಗಟ್ಟಿಯಾಗಿ ಹೇಳಿದರು: ಬರಹದಲ್ಲಿ ಏನಿದೆ ಅಂತ ನೋಡಿದರೆ ಸಾಲದು, ಅದನ್ನು ಬರೆಯುವ ಮೂಲಕ ಬರೆದವರು ಏನು ಮಾಡುತ್ತಿದ್ದರು ಅಂತಲೂ ನೋಡಬೇಕು. ಯಾರನ್ನೋ ಸಮರ್ಥಿಸುತ್ತಿದ್ದರಾ, ಚುಚ್ಚುತ್ತಿದ್ದರಾ, ಎಲ್ಲರೂ ಒಪ್ಪಿದ ಮಾತನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರಾ? ಸಿದ್ಧಾಂತದ ಮಟ್ಟದಲ್ಲಿ ಇದಕ್ಕೆ ಆಕ್ಷೇಪಗಳು ಬೇಕಾದಷ್ಟಿವೆ. ಹೊಸಬರಿಗೆ ಮಾತ್ರ ಇದಕ್ಕಿಂತ ಉಪಯೋಗದ ಸಲಹೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಮೈಸೂರಿನ ಜಗಳ ನೋಡೋಣ. 1881ರ ನಂತರ ದೊಡ್ಡ ಹುದ್ದೆಗಳಿಗೆ ಮದ್ರಾಸ್ ಪ್ರಾಂತ್ಯದಿಂದ ಬಂದವರು ಜಾಸ್ತಿ. ರಂಗಾಚಾರ್ಲು ಅಲ್ಲಿಯವರೇ, 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕೂಡ ಅಲ್ಲಿಯವರೇ. ಇದಕ್ಕೆ ಎದುರಾಗಿ 'ಮೈಸೂರು ಮೈಸೂರಿನವರಿಗೆ' ಎಂಬ ಕೂಗು ಎದ್ದಿತು. ಕೂಗು ಹಾಕಿದವರಲ್ಲಿ ಮುಂದೆ ಇದ್ದವರು ಓದು ಕಲಿತ ಮೈಸೂರಿನ ಬ್ರಾಹ್ಮಣರು. ಅವರ ವಾದ ಏನು? ಪರೀಕ್ಷೆಯಲ್ಲಿ ಗೆದ್ದವನಿಗೆ ಕೆಲಸ ಅನ್ನುವುದೊಂದೇ ನ್ಯಾಯವಲ್ಲ. ಈ ನೆಲದವರಿಗೆ ಈ ನೆಲದ ಆಡಳಿತದಲ್ಲಿ ಪಾಲು ಇರಬೇಕು.

ಮುಂದೆ ಏನಾಯಿತು ಅಂತ ನೀವೇ ಊಹಿಸಬಹುದು. ಮದ್ರಾಸಿನವರು ಹಿಂದೆ ಸರಿದರು, ಹುದ್ದೆಗಳು ಮೈಸೂರಿನ ಬ್ರಾಹ್ಮಣರಿಗೆ ಬಂದವು. ಆಗ ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಅದೇ ವಾದವನ್ನು ಎತ್ತಿಕೊಂಡರು: ಪರೀಕ್ಷೆಯ ಅಂಕ ಒಂದೇ ನ್ಯಾಯವಲ್ಲ, ನಾಡಿನ ಜನಕ್ಕೆ ಪಾಲು ಬೇಕು. ಈ ಸಲ 'ನಾಡಿನ ಜನ' ಅಂದರೆ ಯಾರು ಅನ್ನುವುದು ಬದಲಾಗಿತ್ತು. ಮಿಲ್ಲರ್ ವರದಿಯನ್ನು ಮಾತ್ರ ಓದಿದವರಿಗೆ ಇದು ಕಾಣುವುದಿಲ್ಲ. ಹಿಂದಿನ ಇಪ್ಪತ್ತು ವರ್ಷದ ಜಗಳ ಗೊತ್ತಿದ್ದವರಿಗೆ, ಮೊದಲ ಗುಂಪು ಹರಿತ ಮಾಡಿಟ್ಟ ವಾದವನ್ನು ಎರಡನೆಯ ಗುಂಪು ಅವರ ಮೇಲೆಯೇ ಬಳಸಿದ್ದು ಕಾಣುತ್ತದೆ.

ನಿಮ್ಮ ವಿಷಯಕ್ಕೂ ಹೀಗೇ ಕೇಳಿ. ಈ ಮಾತಿಗಿಂತ ಹಿಂದಿನ ಮಾತು ಯಾವುದು? ಅದನ್ನು ಆಡಿದವರು ಯಾರು? ಇದರಿಂದ ಯಾರಿಗೆ ಕೋಪ ಬಂತು?

4. ಬೇರೆಯವರು ಬರೆದದ್ದು

ಇದಕ್ಕೆ ಒಂದೆರಡು ತಿಂಗಳು ಸಾಕು. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗುಣಮಟ್ಟ ಏರುಪೇರು. ಆದರೆ ಅವುಗಳ ಅಡಿಟಿಪ್ಪಣಿ ಬಂಗಾರ, ಯಾವ ಕಡತ ಎಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಬ್ಬರು ಬರೆದ ತಪ್ಪು ಇಸವಿಯನ್ನು ಹತ್ತು ಜನ ನಕಲು ಮಾಡಿರುತ್ತಾರೆ. ಹಾಗಾಗಿ ಹತ್ತು ಪುಸ್ತಕದಲ್ಲಿದೆ ಅಂದ ಮಾತ್ರಕ್ಕೆ ಹತ್ತು ಸಾಕ್ಷಿ ಸಿಕ್ಕ ಹಾಗಲ್ಲ.

5. ಮೂಲ ಕಾಗದಗಳು ಎಲ್ಲಿವೆ?

ಮೊದಲು ಅಚ್ಚಾದದ್ದರಿಂದ ಶುರು ಮಾಡಿ. ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಅಚ್ಚಾಗಿವೆ. ದಸರಾ ಸಮಯದ ಅಧಿವೇಶನದಲ್ಲಿ ದಿವಾನರ ಭಾಷಣ, ಆಮೇಲೆ ಸದಸ್ಯರ ಅಹವಾಲುಗಳು. ಕೆರೆ, ರಸ್ತೆ, ಕಂದಾಯದ ನಡುವೆ ನಿಮ್ಮ ವಿಷಯ ಥಟ್ಟನೆ ಎದುರಾಗುತ್ತದೆ. 1907ರಲ್ಲಿ ಶುರುವಾದ ನ್ಯಾಯ ವಿಧಾಯಕ ಸಭೆಯ, ಅಂದರೆ ಕಾನೂನು ಮಾಡುವ ಸಭೆಯ, ಚರ್ಚೆಗಳೂ ಇವೆ. ಜನಗಣತಿ ವರದಿಗಳಲ್ಲಿ 1901 ಮತ್ತು 1911ರದ್ದನ್ನು ಮಗ್ಗುಲಲ್ಲೇ ಇಟ್ಟುಕೊಳ್ಳಿ. ಅಲ್ಲಿಯ ಸಾಕ್ಷರತೆಯ ಕೋಷ್ಟಕಗಳೇ ಅಂದಿನ ವಾದಗಳಿಗೆ ಆಯುಧ. ಇಂಥ ಹಳೆಯ ಅಚ್ಚು ಪುಸ್ತಕಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಾಕಷ್ಟು ಸಿಗುತ್ತವೆ.

ಆಮೇಲೆ ಕಡತಗಳು. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಾಗದಪತ್ರಗಳಿವೆ. ಮೈಸೂರು, ಧಾರವಾಡದಲ್ಲಿ ವಿಭಾಗೀಯ ಕಚೇರಿಗಳಿವೆ. ಬ್ರಿಟಿಷ್ ಸರ್ಕಾರದ ಪ್ರತಿನಿಧಿಗಳಾಗಿ ಸಂಸ್ಥಾನದಲ್ಲಿದ್ದ ರೆಸಿಡೆಂಟರು ಮೈಸೂರಿನ ಬಗ್ಗೆ ಮೇಲಿನವರಿಗೆ ಏನು ಬರೆಯುತ್ತಿದ್ದರು ಅಂತ ತಿಳಿಯಲು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶ ಮತ್ತು ರಾಜಕೀಯ ಇಲಾಖೆಯ ಕಡತ ಬೇಕು. ಅದರಲ್ಲಿ ಒಂದಷ್ಟು ಅಭಿಲೇಖ್ ಪಟಲ್ ಎಂಬ ಜಾಲತಾಣದಲ್ಲೇ ಇದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇಂಡಿಯಾ ಆಫೀಸಿನ ದಾಖಲೆಗಳಿವೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದೊಂದು ಅನುಕೂಲ.

ಪತ್ರಾಗಾರಕ್ಕೆ ಹೋಗುವಾಗ ಗುರುತಿನ ಚೀಟಿ, ಪರಿಚಯ ಪತ್ರ, ಪೆನ್ಸಿಲ್ ಇರಲಿ. ಹೋದ ತಕ್ಷಣ ಕಡತ ಕೇಳಬೇಡಿ, ಸೂಚಿ ಪುಸ್ತಕ ಕೇಳಿ. ಅಲ್ಲಿಯ ಸಿಬ್ಬಂದಿ ಹತ್ತಿರ ನಿಧಾನವಾಗಿ ಮಾತಾಡಿ. ಯಾವ ಇಲಾಖೆಯ ಕಾಗದ ಯಾವ ಹೆಸರಿನಲ್ಲಿ ಕೂತಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಪ್ರೊಫೆಸರರಿಗೂ ಗೊತ್ತಿರುವುದಿಲ್ಲ.

ಪತ್ರಿಕೆಗಳನ್ನು ಮರೆಯಬೇಡಿ. ಸರ್ಕಾರಿ ಕಡತ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರೆ ಪತ್ರಿಕೆ ಕನ್ನಡದಲ್ಲಿ ಕೂಗುತ್ತದೆ. ಎಂ. ವೆಂಕಟಕೃಷ್ಣಯ್ಯನವರು, ಅಂದರೆ ಮೈಸೂರಿನ ತಾತಯ್ಯ, ನಡೆಸಿದ ಪತ್ರಿಕೆಗಳು ಒಂದು ಕಡೆ. ಒಕ್ಕಲಿಗರ ಪತ್ರಿಕೆ, ಲಿಂಗಾಯತರ ಮೈಸೂರು ಸ್ಟಾರ್ ಇನ್ನೊಂದು ಕಡೆ. ವೆಸ್ಲಿಯನ್ ಮಿಷನ್ನಿನ ವೃತ್ತಾಂತ ಪತ್ರಿಕೆ ಬೇರೆಯೇ ದನಿ. ಎಲ್ಲ ಸಂಚಿಕೆ ಸಿಗುವುದಿಲ್ಲ, ಸಿಕ್ಕಷ್ಟು ಓದಿ. ಓದುವಾಗ, ಪತ್ರಿಕೆಗಳಿಗೆ ಕಡಿವಾಣ ಹಾಕಿದ 1908ರ ಮೈಸೂರು ಪತ್ರಿಕಾ ಕಾಯಿದೆ ತಲೆಯಲ್ಲಿರಲಿ. ಆಮೇಲೆ ಸಂಪಾದಕರು ಪೂರ್ತಿ ಮನಸ್ಸು ಬಿಚ್ಚಿ ಬರೆದಿದ್ದಾರೆ ಅಂತ ನಂಬುವ ಹಾಗಿಲ್ಲ.

6. ಒಂದು ವಾಕ್ಯವನ್ನು ಅರ್ಧ ದಿನ ಓದುವುದು

ಸರ್ಕಾರ ಮಿಲ್ಲರ್ ಸಮಿತಿಗೆ ಕೊಟ್ಟ ಕೆಲಸವನ್ನೇ ತೆಗೆದುಕೊಳ್ಳಿ. ಮೂರು ಅಂಶ. ನೇಮಕದ ನಿಯಮದಲ್ಲಿ ಏನು ಬದಲಾಗಬೇಕು, ಹಿಂದುಳಿದ ಸಮುದಾಯಗಳ ಓದಿಗೆ ಏನು ನೆರವು ಬೇಕು, ಅವರ ಪ್ರಾತಿನಿಧ್ಯ ಹೆಚ್ಚಲು ಇನ್ನೇನು ಮಾಡಬಹುದು. ಈ ಮೂರನೆಯದಕ್ಕೆ ಒಂದು ಷರತ್ತು ಅಂಟಿಕೊಂಡಿದೆ: ಆಡಳಿತದ ದಕ್ಷತೆಗೆ ಹೇಳಿಕೊಳ್ಳುವಂಥ ಧಕ್ಕೆ ಆಗಬಾರದು.

ಅವಸರದಲ್ಲಿ ಓದುವವರು ಈ ಷರತ್ತನ್ನು ಹಾರಿಸಿ ಮುಂದೆ ಹೋಗುತ್ತಾರೆ. ನೀವು ನಿಲ್ಲಿ. 'ಧಕ್ಕೆಯೇ ಆಗಬಾರದು' ಅಂತಿಲ್ಲ. ಸಣ್ಣಪುಟ್ಟದ್ದು ಆದರೆ ಪರವಾಗಿಲ್ಲ ಎಂಬ ಒಪ್ಪಿಗೆ ಅದರೊಳಗೆ ಅಡಗಿದೆ. ಅದರ ಬೆನ್ನಿಗೇ, ಓದು ಹರಡಿದರೆ, ಹಿಂದುಳಿದವರಿಗೆ ತಮ್ಮ ಸ್ಥಾನ ಏರಿತು ಅನಿಸಿದರೆ ರಾಜ್ಯಕ್ಕೆ ಆಗುವ ಒಳಿತನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಸರ್ಕಾರ ಹೇಳಿದೆ. ತಕ್ಕಡಿಯ ಎರಡೂ ತಟ್ಟೆ ಒಂದೇ ವಾಕ್ಯದಲ್ಲಿವೆ. ಇದನ್ನು ಬರೆದ ಸರ್ಕಾರದ ಒಳಗೇ ಎರಡು ಮನಸ್ಸಿದ್ದವು ಎಂಬ ಅನುಮಾನ ಬರಬೇಕು. ಅನುಮಾನ ಬಂದರೆ ಅದರ ಹಿಂದಿನ ಕಡತ ಹುಡುಕಬೇಕು.

ಈಗ ಸಮಿತಿಯ ಉತ್ತರ. ಅದು ದಕ್ಷತೆಯನ್ನು ಪಕ್ಕಕ್ಕೆ ತಳ್ಳಲಿಲ್ಲ. ದಕ್ಷತೆಯನ್ನು ಬರೀ ಡಿಗ್ರಿಯಿಂದ ಅಳೆಯಲು ಆಗುವುದಿಲ್ಲ ಎಂದಿತು. ಆಡಳಿತದ ಎಷ್ಟೋ ಮುಖ್ಯ ಶಾಖೆಗಳಲ್ಲಿ ಜನರ ಬಗ್ಗೆ ಅನುಕಂಪ, ಪ್ರಾಮಾಣಿಕತೆ, ಹುರುಪು, ವ್ಯವಹಾರ ಜ್ಞಾನ ಇವೆಲ್ಲ ಅಷ್ಟೇ ಮುಖ್ಯ ಎಂದಿತು. ಎದುರಾಳಿಯ ಅತಿ ದೊಡ್ಡ ವಾದವನ್ನು ಅಲ್ಲಗಳೆಯದೆ ಅದರ ಅರ್ಥವನ್ನೇ ತಿರುಗಿಸಿತು ನೋಡಿ! ರಾಜಕೀಯ ವಿಚಾರ ಚಲಿಸುವುದು ಹೆಚ್ಚಾಗಿ ಹೀಗೆಯೇ. ಅದಾದ ಮೇಲೆ ಶಿಫಾರಸು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣರಲ್ಲದವರಿಗೆ.

ಯಾವ ದಾಖಲೆ ಸಿಕ್ಕರೂ ಇದೇ ರೀತಿ ಕೇಳುತ್ತಾ ಹೋಗಿ. ಇದನ್ನು ಬರೆಯಲು ಹೇಳಿದವರು ಯಾರು? ಓದುವವರು ಯಾರು ಅಂತ ಅಂದುಕೊಂಡು ಬರೆದಿದ್ದಾರೆ? ಯಾವುದನ್ನು ಸಾಬೀತು ಮಾಡಿದ್ದಾರೆ, ಯಾವುದನ್ನು ಎಲ್ಲರಿಗೂ ಗೊತ್ತು ಅಂತ ಬಿಟ್ಟಿದ್ದಾರೆ? ಕೊನೆಯದು ತುಂಬಾ ಮುಖ್ಯ. ವಾದ ಮಾಡದೆ ಬಿಟ್ಟ ಜಾಗದಲ್ಲೇ ಆ ಕಾಲದ ನಂಬಿಕೆ ಇರುತ್ತದೆ. ಸಮಿತಿಯ ವರದಿಗಳಲ್ಲಿ ಭಿನ್ನಮತದ ಟಿಪ್ಪಣಿ ಇದ್ದರೆ ಅದನ್ನೇ ಮೊದಲು ಓದಿ.

7. ಇಂದಿನ ಕನ್ನಡಕ ತೆಗೆದಿಡಿ

1921ರ ಮೈಸೂರಿನಲ್ಲಿ ಹಿಂದುಳಿದವರು ಅಂದರೆ ಬ್ರಾಹ್ಮಣರು, ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರನ್ನು ಬಿಟ್ಟು ಉಳಿದ ಎಲ್ಲರೂ. ಭೂಮಿ, ಊರಿನ ಯಜಮಾನಿಕೆ ಎಲ್ಲ ಇದ್ದ ಸಮುದಾಯಗಳೂ ಅದರಲ್ಲಿ ಸೇರಿದ್ದವು, ಅಸ್ಪೃಶ್ಯತೆ ಅನುಭವಿಸುತ್ತಿದ್ದವರೂ ಸೇರಿದ್ದರು. ದೇವರಾಜ ಅರಸರ ಕಾಲದ ಹಾವನೂರು ಆಯೋಗ 1975ರಲ್ಲಿ ಕೊಟ್ಟ ಪಟ್ಟಿ ಬೇರೆ. ವೆಂಕಟಸ್ವಾಮಿ ಆಯೋಗ 1986ರಲ್ಲಿ ಒಕ್ಕಲಿಗರನ್ನೂ ಲಿಂಗಾಯತರನ್ನೂ ಪಟ್ಟಿಯಿಂದ ಹೊರಗಿಟ್ಟಾಗ ಎದ್ದ ಗಲಾಟೆ ಬೇರೆ. ಇವೆಲ್ಲ ಒಂದೇ ವಿಚಾರದ ಮೆಟ್ಟಿಲುಗಳು ಅಂತ ಜೋಡಿಸಿಬಿಡುವ ಆಸೆ ಬರುತ್ತದೆ. ಬೇಡ. 1919ರಲ್ಲಿ ಕೂತವರಿಗೆ ಮಂಡಲ್ ಆಯೋಗ ಗೊತ್ತಿಲ್ಲ, ಸಂವಿಧಾನ ಗೊತ್ತಿಲ್ಲ. ಅವರು ನಮ್ಮ ಕಾಲಕ್ಕೆ ದಾರಿ ಮಾಡಿಕೊಡಲು ಕೂತಿರಲಿಲ್ಲ, ಅವರಿಗೆ ಅವರದೇ ತಲೆನೋವಿತ್ತು.

ಹಾಗೆಯೇ ನೆನಪಿನ ಬರಹಗಳ ವಿಷಯ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿ ಜೀವನದ ನೆನಪುಗಳನ್ನು ಪ್ರಕಟಿಸಿದ್ದು 1951ರಲ್ಲಿ, ದಿವಾನಗಿರಿ ಬಿಟ್ಟು ಮೂವತ್ತು ವರ್ಷ ಕಳೆದ ಮೇಲೆ. ಅರ್ಹತೆಯನ್ನು ಕಡೆಗಣಿಸಿದರೆ ಆಡಳಿತ ಕೆಡುತ್ತದೆ ಎಂಬ ಅವರ ನಿಲುವು ಅದರಲ್ಲಿ ಸ್ಪಷ್ಟವಾಗಿದೆ. ಆದರೆ 1918ರಲ್ಲಿ ಅವರು ಇದನ್ನೇ, ಇದೇ ಮಾತಿನಲ್ಲಿ ಹೇಳಿದ್ದರಾ ಅಂತ ತಿಳಿಯಲು 1918ರ ಕಾಗದವೇ ಬೇಕು. ಇನ್ನು 'ವಿಶ್ವೇಶ್ವರಯ್ಯ ಹೇಳಿದ್ದು' ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

8. ಕಾಗದದಲ್ಲಿ ಇಲ್ಲದವರು

ಪ್ರಜಾಪ್ರತಿನಿಧಿ ಸಭೆಗೆ ಮೊದಲು ಬಂದವರು ಭೂಮಾಲೀಕರು, ವ್ಯಾಪಾರಿಗಳು. ಹಾಗಾಗಿ ಅದರ ನಡಾವಳಿಯಲ್ಲಿ ಕೂಲಿಯವರ ಮಾತು, ಹೆಂಗಸರ ಮಾತು ಹುಡುಕಿದರೆ ಸಿಗುವುದು ಕಷ್ಟ. ಮಿಲ್ಲರ್ ಶಿಫಾರಸಿನಲ್ಲಿ ಕೆಳಜಾತಿಗಳ ಅರ್ಹ ಅಭ್ಯರ್ಥಿಗಳು ಸಿಕ್ಕರೆ ಅವರಿಗೆ ಆದ್ಯತೆ ಕೊಡಿ ಎಂಬ ಮಾತು ವಾಕ್ಯದ ಬಾಲದಲ್ಲಿ ಬರುತ್ತದೆ. ಬ್ರಾಹ್ಮಣೇತರರ ಹೋರಾಟದ ಒಳಗೆ ದಲಿತರ ಜಾಗ ಎಷ್ಟಿತ್ತು ಅಂತ ಅಳೆಯಲು ಆ ಬಾಲವೇ ಒಂದು ಸುಳಿವು. ಸಿಗದವರ ಪರವಾಗಿ ನೀವೇ ಮಾತು ಕಟ್ಟಬೇಡಿ. ಅವರ ಬಗ್ಗೆ ಬೇರೆಯವರು ಏನು ಹೇಳಿದರು, ಎಲ್ಲಿ ಸುಮ್ಮನಾದರು ಅಂತ ಬರೆಯಿರಿ.

9. ಟಿಪ್ಪಣಿ

ಮೂರು ಮಾತು ಸಾಕು. ಮೂಲದ ಮಾತನ್ನು ಅಕ್ಷರ ಬಿಡದೆ ಉದ್ಧರಣ ಚಿಹ್ನೆಯೊಳಗೆ ಬರೆದುಕೊಳ್ಳಿ, ನಿಮ್ಮ ಅನಿಸಿಕೆಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಕಡತದ ಸಂಖ್ಯೆ, ತಾರೀಖು, ಪುಟ ಅಲ್ಲೇ, ಆಗಲೇ ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಲು ಬಿಟ್ಟರೆ ಮೊದಲ ಫೋಟೋ ಕಡತದ ಹೊದಿಕೆಯದ್ದಾಗಿರಲಿ.

10. ಬರೆಯುವುದು

ಕಾಲಾನುಕ್ರಮದಲ್ಲಿ 'ಪುರಾತನ ಕಾಲದಿಂದಲೂ' ಅಂತ ಶುರು ಮಾಡಬೇಡಿ. ಜಗಳದಿಂದ ಶುರು ಮಾಡಿ. ಯಾರು ಏನು ಕೇಳಿದರು, ಯಾರು ಬೇಡ ಅಂದರು. ಓದುಗರಿಗೆ ಜಗಳ ಹಿಡಿಸಿದ ಮೇಲೆ ಹಿನ್ನೆಲೆ ಕೊಡಿ.

'ಪ್ರಭಾವ ಬೀರಿತು' ಎಂಬ ಮಾತನ್ನು ನಿಮ್ಮ ಕರಡಿನಲ್ಲಿ ಹುಡುಕಿ, ಸಿಕ್ಕ ಕಡೆಯೆಲ್ಲ ಕೆಂಪು ಗೀಟು ಹಾಕಿ. ಮದ್ರಾಸಿನಲ್ಲಿ 1916, ಮೈಸೂರಿನಲ್ಲಿ 1917. ಹಾಗಾಗಿ ಮದ್ರಾಸಿನ ಪ್ರಭಾವ ಅಂತ ಬರೆದುಬಿಡುವುದು ಸುಲಭ. ಅದನ್ನು ಸಾಬೀತು ಮಾಡಬೇಕಾದರೆ ಮೈಸೂರಿನವರು ಮದ್ರಾಸಿನ ಪ್ರಣಾಳಿಕೆ ಓದಿದ್ದರು ಅಂತ ತೋರಿಸಬೇಕು. ಅದರ ಮಾತುಗಳು ಇವರ ಮನವಿಯಲ್ಲಿ ಬಂದಿವೆ ಅಂತ ತೋರಿಸಬೇಕು. ಆ ಮಾತು ಇವರಿಗೆ ಬೇರೆ ಕಡೆಯಿಂದ ಸಿಕ್ಕಿರಲಾರದು ಅಂತಲೂ ತೋರಿಸಬೇಕು. 'ಮೈಸೂರು ಮೈಸೂರಿನವರಿಗೆ' ಜಗಳ ಮನೆಯಲ್ಲೇ ಇದ್ದಾಗ ಈ ಮೂರನೆಯದು ಕಷ್ಟ. ಆಗದಿದ್ದರೆ 'ಅದೇ ಹೊತ್ತಿಗೆ ಮದ್ರಾಸಿನಲ್ಲೂ' ಅಂತ ಬರೆದು ಬಿಡಿ. ಅದು ಪ್ರಾಮಾಣಿಕ.

ನಿಮಗೆ ಇಷ್ಟವಿಲ್ಲದ ಕಡೆಯವರ ವಾದವನ್ನು ಅವರೇ ಓದಿ ತಲೆದೂಗುವ ಹಾಗೆ ಬರೆಯಿರಿ. ವಿಶ್ವೇಶ್ವರಯ್ಯನವರನ್ನು ಸುಮ್ನೆ ಜಾತಿಯ ಪರ ನಿಂತವರು ಅಂತ ತಳ್ಳಿಬಿಟ್ಟರೆ ಅವರ ಯೋಚನೆಯ ಬೇರು ಕಾಣುವುದಿಲ್ಲ. ಕೈಗಾರಿಕೆ, ಉತ್ಪಾದನೆ, ತಜ್ಞರ ಆಡಳಿತ ಇವುಗಳಿಂದಲೇ ನಾಡು ಉದ್ಧಾರ ಎಂಬ ನಂಬಿಕೆ ಅವರದು. ಜಾತಿಯ ಹಿತಾಸಕ್ತಿಯೂ ಇತ್ತೋ ಇಲ್ಲವೋ ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಸಾಕ್ಷಿ ಬೇಕು. ಪ್ರಜಾಮಿತ್ರ ಮಂಡಳಿಯವರಿಗೂ ಇದೇ ಅಳತೆ. ಅವರು ಹುದ್ದೆಗಾಗಿ ಹೋರಾಡಿದರು ಅನ್ನುವುದರಿಂದ ಅವರ ನ್ಯಾಯದ ಮಾತು ಸುಳ್ಳಾಗುವುದಿಲ್ಲ.

ಇಂಗ್ಲಿಷ್ ಮೂಲದ ಮಾತುಗಳನ್ನು ಕನ್ನಡಕ್ಕೆ ತರುವಾಗ ಸೊಗಸಿಗಿಂತ ನಿಖರತೆ ನೋಡಿ. ಬರೆದಾದ ಮೇಲೆ ಇಬ್ಬರಿಗೆ ತೋರಿಸಿ. ಒಬ್ಬರು ವಿಷಯ ಗೊತ್ತಿಲ್ಲದವರು, ಇನ್ನೊಬ್ಬರು ನಿಮ್ಮ ನಿಲುವನ್ನು ಒಪ್ಪದವರು.

11. ಪತ್ರಾಗಾರಕ್ಕೆ ಹೋಗಲು ಆಗದಿದ್ದರೆ

ಕೆಲಸ, ಮನೆ, ದೂರದ ಊರು ಅಂತ ಎಷ್ಟೋ ಜನಕ್ಕೆ ಬೆಂಗಳೂರಿಗೆ ಬಂದು ಕೂರಲು ಆಗುವುದಿಲ್ಲ. ಅವರು ಮನೆಯಲ್ಲೇ ಓದಬಹುದಾದ ಎರಡು ದಾಖಲೆಗಳಿಂದ ಶುರು ಮಾಡಬಹುದು. ಒಂದು, ಬಾಲಾಜಿ ವಿರುದ್ಧ ಮೈಸೂರು ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ತೀರ್ಪು. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಅದು ರದ್ದು ಮಾಡಿತು. ದಕ್ಷತೆಯ ಮಾತು ಅಲ್ಲಿ ಯಾವ ರೂಪದಲ್ಲಿ ಮರಳಿ ಬಂದಿದೆ ನೋಡಿ.

ಇನ್ನೊಂದು, ಸಂವಿಧಾನ ರಚನಾ ಸಭೆಯ 1948ರ ನವೆಂಬರ್ 30ರ ಚರ್ಚೆ. ಹಿಂದುಳಿದವರು ಅಂದರೆ ಯಾರು ಅಂತ ಅಲ್ಲಿ ದೊಡ್ಡ ವಾದವೇ ನಡೆಯಿತು. ಉತ್ತರದ ಸದಸ್ಯರಿಗೆ ಗೊಂದಲ. ಆಗ ಮೈಸೂರಿನ ಸದಸ್ಯ ಟಿ. ಚನ್ನಯ್ಯ ಎದ್ದು ದಕ್ಷಿಣದಲ್ಲಿ ಇದನ್ನು ಹೇಗೆ ತಿಳಿಯುತ್ತಾರೆ ಅಂತ ವಿವರಿಸಿದರು. ಕೊನೆಗೆ ಅಂಬೇಡ್ಕರರ ಉತ್ತರ. ಇಡೀ ಚರ್ಚೆ ಒಂದು ಸಂಜೆಯ ಓದು. ಪ್ರತಿ ಭಾಷಣದ ಪಕ್ಕದಲ್ಲಿ ಇದು ಯಾರ ಮಾತಿಗೆ ಉತ್ತರ ಅಂತ ಬರೆಯುತ್ತಾ ಹೋಗಿ. ಚನ್ನಯ್ಯನವರ ಮಾತಿನಲ್ಲಿ 1921ರ ಮೈಸೂರು ಎಷ್ಟಿದೆ, ಇಲ್ಲದ್ದು ಎಷ್ಟು ಅಂತ ಗುರುತು ಮಾಡಿ. ನಾಲ್ಕು ಪುಟದ ಮೊದಲ ಲೇಖನಕ್ಕೆ ಅಷ್ಟು ಸರಕು ಸಾಕು.